ತಲಾಕಿನ ಕಾಗದಕ್ಕೆ ಸಹಿ ಹಾಕುವ ಮೊದಲು ಲೆಕ್ಕ ಬರೆದಿಡಿ

ನಮ್ಮಲ್ಲಿ ಒಂದು ಸಂಬಂಧ ಮುರಿಯುವಾಗ ಎರಡೂ ಕಡೆಯ ಹಿರಿಯರು ಕೂತು ಯಾರ ತಪ್ಪು, ಮಕ್ಕಳು ಎಲ್ಲಿರಬೇಕು ಎಂದು ಮಾತನಾಡುತ್ತಾರೆ. ಮಹ್ರ್ ಮತ್ತು ಚಿನ್ನದ ಮಾತು ಬರುವುದು ಕೊನೆಗೆ, ಎಲ್ಲರೂ ಸುಸ್ತಾದ ಮೇಲೆ. “ಆದದ್ದು ಆಯಿತು, ಮುಗಿಸಿ ಬಿಡುವ” ಎಂದು ಯಾರೋ ಹೇಳುತ್ತಾರೆ. ಹೆಣ್ಣಿನ ಕಡೆಯವರು ಸಹಿ ಹಾಕಿ ಎದ್ದು ಬರುತ್ತಾರೆ.

ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಕೆಲಸಕ್ಕೆಂದು ಸೊಲ್ಲಾಪುರಕ್ಕೆ ಬಂದವನು. ಚಾದರ, ಟವೆಲ್ ನೇಯುವ ಪವರ್‌ಲೂಮ್‌ಗಳ ರಿಪೇರಿ ನನ್ನ ಕೆಲಸ. ನಮ್ಮ ಊರಿನಂತೆ ಇಲ್ಲಿಯೂ ಬೀಡಿ ಕಟ್ಟಿ ಸಂಸಾರ ಸಾಗಿಸುವ ಹೆಂಗಸರು ಬಹಳ. ನನ್ನ ಬಾಡಿಗೆ ಮನೆಯ ಯಜಮಾನರ ತಂಗಿಯೂ ಅವರಲ್ಲೊಬ್ಬರು. ಎಲ್ಲರಂತೆ ನಾನೂ ಆಪಾ ಎನ್ನುತ್ತೇನೆ. ಅವರನ್ನು ಕೊಟ್ಟಿದ್ದು ಇಲ್ಲಿಂದ ಸುಮಾರು 40 ಕಿ.ಮೀ. ದೂರದ, ಕನ್ನಡ ಮಾತನಾಡುವವರೇ ತುಂಬಿರುವ ಅಕ್ಕಲಕೋಟೆಗೆ.

ಗಂಡ ಆಟೋ ತೆಗೆದುಕೊಳ್ಳಲೆಂದು ಆಪಾ ತಮ್ಮ ಹೆಸರಿನಲ್ಲಿ ಮಹಿಳಾ ಗುಂಪಿನ ಸಾಲ ಎತ್ತಿಕೊಟ್ಟಿದ್ದರು. ಆರ್‌ಸಿ ಗಂಡನ ಹೆಸರಿಗೆ. ತಲಾಕ್ ಆಯಿತು, ಆಟೋ ಗಂಡನ ಜೊತೆ ಹೋಯಿತು. ವಾರದ ಕಂತು ಕೇಳುವವರು ಮಾತ್ರ ಆಪಾರನ್ನು ಹುಡುಕಿಕೊಂಡು ತವರಿಗೆ ಬಂದರು. ಸಾಲ ಕೊಟ್ಟವರಿಗೆ ತಲಾಕ್ ಲೆಕ್ಕಕ್ಕಿಲ್ಲ, ಸಹಿಯೇ ಲೆಕ್ಕ. ಜಂಟಿ ಸಾಲಕ್ಕೂ ಜಾಮೀನಿಗೂ ಇದೇ ಮಾತು.

ಆಪಾರನ್ನು ಉಳಿಸಿದ್ದು ಪಾಸ್‌ಬುಕ್. ಸಾಲ ಬಂದ ಮರುದಿನವೇ ಹಣ ಗಂಡನ ಖಾತೆಗೆ ಹೋದ ಎಂಟ್ರಿ ಅದರಲ್ಲಿತ್ತು. ಉಳಿದ ಕಂತು ಗಂಡನೇ ಕಟ್ಟಬೇಕೆಂದು ಹಿರಿಯರು ಕಾಗದದಲ್ಲಿ ಬರೆಸಿದರು. ಚಿನ್ನದ ವಿಷಯದಲ್ಲಿ ಹಾಗಾಗಲಿಲ್ಲ. ಕೊಟ್ಟದ್ದು ನಾಲ್ಕು ತೊಲೆ ಎಂದು ಇವರು, ಎರಡೂವರೆ ಎಂದು ಅವರು. ಬಿಲ್ ಯಾರ ಬಳಿಯೂ ಇರಲಿಲ್ಲ. ಎರಡೂವರೆಗೇ ಮುಗಿಯಿತು.

ನನ್ನ ಬಾಪ ದಿನಸಿ ಅಂಗಡಿಯವರು. ಸ್ವಂತ ತಮ್ಮ ಒಂದು ಕಿಲೋ ಸಕ್ಕರೆ ಕಡ ಕೊಂಡುಹೋದರೂ ಪುಸ್ತಕದಲ್ಲಿ ಬರೆಯುತ್ತಿದ್ದರು. “ನಂಬಿಕೆ ಇಲ್ಲ ಅಂತ ಬರೆಯುವುದಲ್ಲ, ನಾಳೆ ಜಗಳ ಬೇಡ ಅಂತ” ಎನ್ನುತ್ತಿದ್ದರು. ಕುರ್‌ಆನ್‌ನ ಅತಿ ದೀರ್ಘ ಆಯತ್ ಸಾಲವನ್ನು ಬರೆದಿಡುವ ಬಗ್ಗೆಯೇ ಇದೆ. ಅಂಗಡಿಯಲ್ಲಿ ಪಾಲಿಸುವುದಕ್ಕೆ ಮದುವೆ ಮನೆಯಲ್ಲಿ ನಾಚಿಕೆ ಯಾಕೆ?

ಕಾನೂನೂ ಹೆಣ್ಣಿನ ಕೈ ಬಿಟ್ಟಿಲ್ಲ. ವಿಚ್ಛೇದಿತ ಮುಸ್ಲಿಂ ಮಹಿಳೆಯರ 1986ರ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ ಮಹ್ರ್ ಮಾತ್ರವಲ್ಲ, ಮದುವೆಗೆ ಮೊದಲು, ಮದುವೆಯಲ್ಲಿ, ಆಮೇಲೆ ತವರಿನವರು, ಸ್ನೇಹಿತರು, ಗಂಡ, ಗಂಡನ ಕಡೆಯವರು ಅವಳಿಗೆ ಕೊಟ್ಟದ್ದೆಲ್ಲ ಅವಳದೇ. ಕೊಡದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ ಹಾಕಬಹುದು. ಇದ್ದತ್‌ನ ಒಳಗೆ ಕೊಡಬೇಕಾದದ್ದು ಆ ಮೂರು ತಿಂಗಳ ಖರ್ಚಷ್ಟೇ ಅಲ್ಲ, ಅವಳ ಮುಂದಿನ ಬದುಕಿಗೂ ಏರ್ಪಾಡು ಆಗಬೇಕು ಎಂದು ಡ್ಯಾನಿಯಲ್ ಲತೀಫಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2001ರಲ್ಲಿ ಹೇಳಿತು. ಎಲ್ಲ ಧರ್ಮದವರಿಗೂ ಇರುವ ಜೀವನಾಂಶದ ಕಾನೂನಿನಡಿಯೂ ಅವಳು ಕೇಳಬಹುದು ಎಂದು 2024ರ ಜುಲೈ 10ರಂದು ಮತ್ತೆ ಹೇಳಿತು. 2020ರ ರಜನೀಶ್–ನೇಹಾ ತೀರ್ಪಿನ ನಂತರ ಜೀವನಾಂಶದ ಕೇಸಿನಲ್ಲಿ ಇಬ್ಬರೂ ಆದಾಯ, ಆಸ್ತಿ, ಸಾಲದ ಅಫಿಡವಿಟ್ ಕೊಡಬೇಕು. ಜೀವನಾಂಶ ಅರ್ಜಿ ಹಾಕಿದ ದಿನದಿಂದ ಲೆಕ್ಕ, ಆದ್ದರಿಂದ ತಡ ಮಾಡಿದಷ್ಟೂ ನಷ್ಟ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ವಕೀಲರ ನೆರವು ಉಚಿತ.

ಮಾತುಕತೆ ಶುರುವಾದ ಕೂಡಲೇ ಮಾಡಬೇಕಾದದ್ದು ಇಷ್ಟು. ಚಿನ್ನದ ಬಿಲ್, ಮದುವೆಯ ಫೋಟೋ, ಅಡವಿಟ್ಟಿದ್ದರೆ ಅದರ ಚೀಟಿ ಒಂದೆಡೆ ಸೇರಿಸಿ. ಜಂಟಿ ಖಾತೆ ಇದ್ದರೆ ಇಬ್ಬರ ಸಹಿ ಇಲ್ಲದೆ ಹಣ ಕೊಡಬೇಡಿ ಎಂದು ಬ್ಯಾಂಕಿಗೆ ಬರೆದು ಕೊಡಿ. ಎಟಿಎಂ ಮತ್ತು ಯುಪಿಐ ಪಿನ್ ಬದಲಿಸಿ. “ಇನ್ನೇನೂ ಬಾಕಿ ಇಲ್ಲ” ಎಂಬ ಸಾಲಿಗೆ ಎಲ್ಲವೂ ಕೈಗೆ ಬರುವ ತನಕ ಸಹಿ ಬೇಡ. ತಲಾಕ್ ಆದ ಮೇಲೆ ಬ್ಯಾಂಕ್, ಎಲ್‌ಐಸಿ, ಬೀಡಿಯ ಪಿಎಫ್‌ನಲ್ಲಿ ನಾಮಿನಿ ಯಾರೆಂದು ನೋಡಿ. ನಾವು ಹೋಗಿ ಬದಲಿಸದೆ ಆ ಹೆಸರು ತಾನಾಗಿ ಹೋಗುವುದಿಲ್ಲ.

ಗಂಡಸರಿಗೂ ಒಂದು ಮಾತು. ಮಹ್ರ್, ಮಕ್ಕಳ ಖರ್ಚು ಏನೇ ಕೊಟ್ಟರೂ ಬ್ಯಾಂಕ್ ಮೂಲಕವೇ ಕೊಡಿ. ಕೈಯಲ್ಲಿ ಕೊಟ್ಟದ್ದಕ್ಕೆ ಸಾಕ್ಷಿ ಇರುವುದಿಲ್ಲ.

ನಿಕಾಹ್‌ನ ದಿನವೇ ಎಷ್ಟು ಪವನ್, ಯಾರು ಕೊಟ್ಟರು ಎಂದು ಎರಡು ಪ್ರತಿ ಬರೆದು ಎರಡೂ ಮನೆಯವರು ಸಹಿ ಮಾಡಿ ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಸಂಸಾರ ಚೆನ್ನಾಗಿ ಸಾಗಿದರೆ ಆ ಕಾಗದ ಕಪಾಟಿನಲ್ಲೇ ಹಳತಾಗಲಿ, ಅದರಿಂದ ಯಾರಿಗೂ ನಷ್ಟವಿಲ್ಲ.