ಉಸಿರಿನ ಹದ, ವಾದ್ಯದ ಆಯುಷ್ಯ

ರಾಮಮೂರ್ತಿ ನಗರದ ನಮ್ಮ ಮನೆಯಲ್ಲಿ ತಂದೆಯವರು ಬಿಟ್ಟುಹೋದ ಮೌತ್ ಆರ್ಗನ್ ಒಂದಿದೆ. ಅವರು ಅಗಲಿದ ಬಳಿಕವೂ ಅದು ನುಡಿಯುತ್ತಿದೆ. ಮೊಮ್ಮಕ್ಕಳಿಗೆ ಅದನ್ನು ಉಳಿಸಿಕೊಡುವುದು ನಮ್ಮ ಹೊಣೆ.

ಹಾರ್ಮೋನಿಯಂನಲ್ಲಿರುವಂತೆ ಇದರೊಳಗೂ ಹಿತ್ತಾಳೆಯ ತೆಳು ನಾಲಿಗೆಗಳಿವೆ. ಅಲ್ಲಿ ತಿದಿಯ ಗಾಳಿ, ಇಲ್ಲಿ ನಮ್ಮ ಉಸಿರು. ರಭಸದಿಂದ ಊದಿದರೂ ಎಳೆದರೂ ನಾಲಿಗೆ ಅಳತೆ ಮೀರಿ ಬಾಗಿ, ದಣಿದು, ಬುಡದಲ್ಲಿ ಕೂದಲೆಳೆಯಷ್ಟು ಬಿರಿಯುತ್ತದೆ, ಶ್ರುತಿ ಇಳಿಯುತ್ತದೆ. ನಮ್ಮ ವಾದ್ಯದಲ್ಲಿ ಪ್ರತಿ ಸ್ವರಕ್ಕೂ ತುಸು ಭಿನ್ನ ಶ್ರುತಿಯ ಎರಡು ನಾಲಿಗೆಗಳು. ಅದರ ಇಂಪಾದ ಕಂಪನ ಆ ಜೋಡಿಯದೇ. ಒಂದು ಸೋತರೂ ಇಂಪು ಕೆಡುತ್ತದೆ. ಆದುದರಿಂದ ಧ್ವನಿ ಸಾಲದೆನಿಸಿದಾಗ ನಾವು ಬಲವನ್ನು ಹೆಚ್ಚಿಸುವುದಿಲ್ಲ; ತುಟಿಯಂಚಿನಲ್ಲಿ ಗಾಳಿ ಸೋರದಂತೆ ನೋಡಿಕೊಳ್ಳುತ್ತೇವೆ.

ಬಾಯಿ ಮುಕ್ಕಳಿಸಿಯೇ ನುಡಿಸಬೇಕು. ಸಿಹಿಯ ಅಂಟು ನಾಲಿಗೆಗಳನ್ನು ಹಿಡಿಯುತ್ತದೆ. ಚಳಿಯ ಮುಂಜಾನೆ ವಾದ್ಯವನ್ನು ಅಂಗೈಯಲ್ಲಿ ಬೆಚ್ಚಗಾಗಿಸಿದರೆ ಒಳಗೆ ಹನಿಗಟ್ಟುವುದು ಕಡಿಮೆ. ನುಡಿಸಿದ ಮೇಲೆ ರಂಧ್ರಗಳನ್ನು ಕೆಳಮುಖ ಮಾಡಿ ಅಂಗೈಗೆ ಮೆಲ್ಲನೆ ತಟ್ಟಿ, ತೇವ ಆರಿಸಿ ಪೆಟ್ಟಿಗೆಯಲ್ಲಿಡಬೇಕು. ಹೊರವರ್ತುಲ ರಸ್ತೆಯ ಧೂಳಿಗೂ ಅದೇ ಕಾವಲು. ಮರದ ಒಡಲಿನ ವಾದ್ಯವನ್ನು ನೀರಿನಲ್ಲಿ ಅದ್ದಲಾಗದು, ಮರ ಉಬ್ಬುತ್ತದೆ.

ಇಂಥ ವಾದ್ಯವಿರುವ ಮನೆಗಳ ತಾಯ್ತಂದೆಯರು ಮಕ್ಕಳಿಗೆ ರಾಗಕ್ಕಿಂತ ಮೊದಲು ಮೃದುವಾಗಿ ಉಸಿರಾಡುವುದನ್ನು ಕಲಿಸುವುದು ಒಳಿತು.