ಮೋಟ್ರು ಓಡ್ತದ, ನೀರು ಎತ್ತಕಿಲ್ಲ

ಬೇಸಗೆಯಲ್ಲಿ ನಮ್ಮ ಕಡೆಯವರು ಸಂತೆಯಲ್ಲೋ ಬಸ್ ಸ್ಟಾಂಡಿನಲ್ಲೋ ಸಿಕ್ಕರೆ ಮೊದಲು ಕೇಳುವುದು ಮನೆಯವರ ಆರೋಗ್ಯ, ಆಮೇಲೆ ‘ನೀರು ಎತ್ತದಾ?’ ಅಂತ. ನಂಜನಗೂಡಿನಿಂದ ಸುತ್ತೂರು ದಾಟಿ ಟಿ. ನರಸೀಪುರದ ಸಂಗಮದವರೆಗೆ ಕಪಿಲೆಯ, ಅಂದರೆ ಕಬಿನಿಯ, ಎರಡೂ ದಂಡೆಯಲ್ಲಿ ಹೊಳೆಗೆ ಪೈಪು ಇಳಿಬಿಟ್ಟು ಬಾಳೆ, ಕಬ್ಬು, ಭತ್ತ ಬೆಳೆಯುವವರಿದ್ದಾರೆ. ಅವರ ಕ್ಷೇಮಸಮಾಚಾರ ಆ ಎರಡನೇ ಪ್ರಶ್ನೆಯಲ್ಲಿದೆ. ನನ್ನ ತೋಟವೂ ಅದೇ ದಂಡೆಯಲ್ಲಿದೆ, ಐದು ಎಚ್‌ಪಿಯ ಒಂದು ಹಳೆಯ ಮಾನೊಬ್ಲಾಕ್ ಮೋಟರೂ ಇದೆ. ಅದು ಕೆಟ್ಟಾಗ ಬಿಚ್ಚಿ, ಕಾರಣ ಹುಡುಕಿ, ಮತ್ತೆ ನೀರು ಬರಿಸುವುದು ನನಗೆ ಬೇಸಾಯದಷ್ಟೇ ಇಷ್ಟದ ಕೆಲಸ. ಈಗೀಗ ಸುತ್ತಮುತ್ತಲಿನವರ ಮೋಟರುಗಳೂ ನನ್ನ ಪಾಲಿಗೆ ಬಂದಿವೆ.

ಫೋನು ಸಾಮಾನ್ಯವಾಗಿ ತ್ರೀ ಫೇಸ್ ಕರೆಂಟು ಬಂದ ಸ್ವಲ್ಪ ಹೊತ್ತಿಗೆ ಬರುತ್ತದೆ. ‘ಮೋಟ್ರೇನೊ ಓಡ್ತದ ಕನಣ್ಣ, ನೀರೇ ಎತ್ತಕಿಲ್ಲ.’ ಇಷ್ಟು ಕೇಳಿದರೆ ಅರ್ಧ ಪರೀಕ್ಷೆ ಮುಗಿದ ಹಾಗೆ. ಮೋಟರು ಓಡುತ್ತಿದೆ ಎಂದಮೇಲೆ ಕರೆಂಟು ಸರಿಯಿದೆ, ವೈಂಡಿಂಗ್ ಸುಟ್ಟಿಲ್ಲ, ಬೇರಿಂಗ್ ಹಿಡಿದುಕೊಂಡಿಲ್ಲ. ದೋಷ ನೀರಿನ ದಾರಿಯಲ್ಲಿದೆ. ಅದರಲ್ಲೂ ಪಂಪಿನಿಂದ ಆಚೆ ಹೋಗುವ ದಾರಿಗಿಂತ, ಹೊಳೆಯಿಂದ ಪಂಪಿಗೆ ಬರುವ ದಾರಿಯಲ್ಲೇ ಇರುವುದು ಹೆಚ್ಚು. ಹಾಗಾಗಿ ಸ್ಪ್ಯಾನರ್ ಚೀಲ ಬದುವಿನ ಮೇಲಿಟ್ಟು ಬರಿಗೈಯಲ್ಲಿ ಪಂಪಿನಿಂದ ಹೊಳೆಯ ಕಡೆ ಪೈಪನ್ನು ಸವರುತ್ತ ಇಳಿಯುತ್ತೇನೆ. ಬಂದ ಕೂಡಲೇ ಮೋಟರ್ ಬಿಚ್ಚಲು ಕೂರುವ ಮೆಕ್ಯಾನಿಕ್ಕನ್ನು ನಾನು ನಂಬುವುದಿಲ್ಲ.

ಪಂಪು ನೀರನ್ನು ಎಳೆಯುತ್ತದೆ ಎಂದೇ ಎಲ್ಲರ ಎಣಿಕೆ. ಎಳೆಯುವುದಿಲ್ಲ. ಒಳಗೆ ಇಂಪೆಲ್ಲರ್ ತಿರುಗಿ ಇದ್ದ ನೀರನ್ನು ಅಂಚಿಗೆ ಎಸೆಯುತ್ತದೆ, ನಡುವಿನಲ್ಲಿ ಒತ್ತಡ ಇಳಿಯುತ್ತದೆ. ಹೊಳೆಯ ಮೇಲೆ ಕೂತಿರುವ ಗಾಳಿ ತನ್ನ ಭಾರದಿಂದ ನೀರನ್ನು ಪೈಪಿನೊಳಗೆ ಒತ್ತಿ ಆ ಜಾಗಕ್ಕೆ ಏರಿಸುತ್ತದೆ. ಎತ್ತುವ ಕೆಲಸ ಗಾಳಿಯದು. ಎಷ್ಟು ಒಳ್ಳೆಯ ಪಂಪಾದರೂ ಹದಿನೆಂಟು ಮೊಳಕ್ಕಿಂತ ಆಳದ ನೀರನ್ನು ಮೇಲಕ್ಕೆ ತರಲಾರದು ಎಂಬುದನ್ನು ಗೆಲಿಲಿಯೊ 1638ರ ತನ್ನ ಪುಸ್ತಕದಲ್ಲಿ ಬರೆದಿದ್ದ. ಅದಕ್ಕೆ ಸರಿಯಾದ ಕಾರಣ ಕೊಟ್ಟವನು ಟೊರಿಚೆಲ್ಲಿ. ನಾವು ಬದುಕಿರುವುದು ಗಾಳಿಯ ಕಡಲಿನ ತಳದಲ್ಲಿ ಎಂಬ ಅರ್ಥದ ಮಾತನ್ನು ಅವನು 1644ರ ಒಂದು ಕಾಗದದಲ್ಲಿ ಗೆಳೆಯನಿಗೆ ತಿಳಿಸಿದ. ಸಮುದ್ರ ಮಟ್ಟದಲ್ಲಿ ಗಾಳಿಯ ಭಾರ ಹೆಚ್ಚೆಂದರೆ 10.3 ಮೀಟರ್ ನೀರನ್ನು ಏರಿಸಬಲ್ಲದು. ನಮ್ಮ ಊರುಗಳು ಆರುನೂರು ಮೀಟರಿಗೂ ಮೇಲಿರುವುದರಿಂದ ಇಲ್ಲಿ ಅದು ಒಂಬತ್ತೂವರೆ ಮೀಟರಿನ ಆಸುಪಾಸಿಗೆ ಇಳಿಯುತ್ತದೆ. ಪೈಪಿನ ಉಜ್ಜಾಟ, ಬೆಂಡು, ಫುಟ್‌ವಾಲ್ವಿನ ತಡೆ ಎಲ್ಲ ಕಳೆದರೆ ನೆಚ್ಚಿಕೊಳ್ಳಬಹುದಾದದ್ದು ಆರು ಮೀಟರ್, ಅಂದರೆ ಇಪ್ಪತ್ತು ಅಡಿ.

ಈ ಇಪ್ಪತ್ತು ಅಡಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಏಪ್ರಿಲ್-ಮೇ ತಿಂಗಳ ಎಷ್ಟೋ ದೂರುಗಳು ಅಲ್ಲೇ ತೀರುತ್ತವೆ. ಪಂಪು ದಂಡೆಯ ಮೇಲೆ ಇದ್ದಲ್ಲೇ ಇರುತ್ತದೆ, ಹೊಳೆ ಕೆಳಗಿಳಿದಿರುತ್ತದೆ. ಜನವರಿಯಲ್ಲಿ ಹನ್ನೆರಡು ಅಡಿ ಇದ್ದ ಎತ್ತರ ಮೇ ಹೊತ್ತಿಗೆ ಇಪ್ಪತ್ತು ದಾಟಿರುತ್ತದೆ. ಯಂತ್ರದಲ್ಲಿ ಏನೂ ಕೆಟ್ಟಿರುವುದಿಲ್ಲ. ಬೀಚನಹಳ್ಳಿಯ ಕಬಿನಿ ಅಣೆಕಟ್ಟೆಯಿಂದ ನೀರು ಬಿಟ್ಟ ಮಾರನೆಯ ದಿನ ಅದೇ ಪಂಪು ಯಾರೂ ಮುಟ್ಟದೆ ನೀರು ಹೊಯ್ಯುತ್ತದೆ. ಅದಕ್ಕೇ ಬಲ್ಲವರು ದಂಡೆಯಲ್ಲಿ ಎರಡು ಮೆಟ್ಟಿಲು ಕಡಿದು, ಬೇಸಗೆಗೊಂದು ಮಳೆಗಾಲಕ್ಕೊಂದು ಕಟ್ಟೆ ಕಟ್ಟಿಕೊಂಡಿರುತ್ತಾರೆ.

ಎತ್ತರ ಸರಿಯಿದ್ದೂ ನೀರು ಬಾರದಿದ್ದರೆ ಆಗ ಗಾಳಿಯನ್ನು ಹುಡುಕಬೇಕು. ‘ಏರ್ ಹಿಡಿದದ’ ಎನ್ನುತ್ತಾರೆ. ಸಕ್ಷನ್ ಪೈಪಿನಲ್ಲಿ ಕೂದಲೆಳೆಯಷ್ಟು ಸಂದಿಯಿದ್ದರೂ ಗಾಳಿ ನೀರಿಗಿಂತ ಮೊದಲು ಒಳಗೆ ನುಗ್ಗುತ್ತದೆ. ಡೆಲಿವರಿ ಪೈಪು ಸೋರಿದರೆ ನೀರು ಚಿಮ್ಮಿ ಕಣ್ಣಿಗೆ ಕಾಣುತ್ತದೆ. ಸಕ್ಷನ್ ಪೈಪು ಸೋರಿದರೆ ಹೊರಗೆ ಒಂದು ಹನಿಯೂ ಇರುವುದಿಲ್ಲ, ಗಾಳಿ ಒಳಕ್ಕೆ ಹೋಗುತ್ತಿರುತ್ತದೆಯಲ್ಲ! ಆ ಕಾಣದ ಸಂದಿಯನ್ನು ಕಾಣಿಸಿಕೊಡಲು ನಾನು ಬಳಸುವುದು ಊದುಬತ್ತಿ.

ಇದು ನನಗೆ ಬಹಳ ಪ್ರೀತಿಯ ಕೆಲಸ. ಗಾಳಿ ನಿಂತಿರುವ ಬೆಳಗಿನ ಹೊತ್ತಾದರೆ ಒಳ್ಳೆಯದು. ಪಂಪಿಗೆ ನೀರು ತುಂಬಿ, ಮೋಟರ್ ಹಾಕಿಸಿ, ಹೊತ್ತಿಸಿದ ಊದುಬತ್ತಿಯನ್ನು ಒಂದೊಂದೇ ಜಾಯಿಂಟಿನ ಪಕ್ಕ ಹಿಡಿದು ಕುಕ್ಕರಗಾಲಲ್ಲಿ ಕೂರುತ್ತೇನೆ. ಪಂಪಿನ ಬಾಯಿಯ ಫ್ಲಾಂಜು, ಅಲ್ಲಿ ಹೊಗೆ ನೆಟ್ಟಗೆ ಏರುತ್ತದೆ. ಬೆಂಡಿನ ಮೇಲ್ಭಾಗ, ಅಲ್ಲೂ ನೆಟ್ಟಗೆ. ಬೆಂಡಿನ ಅಡಿಗೆ, ನಾಲ್ಕನೇ ಬೋಲ್ಟಿನ ಹತ್ತಿರ ತಂದಾಗ ಹೊಗೆಯ ಎಳೆ ತಟಕ್ಕನೆ ಬಾಗಿ, ಎರಡು ಕಬ್ಬಿಣದ ನಡುವೆ ನುಸುಳಿ ಮಾಯವಾಗುತ್ತದೆ. ಬೆರಳು ಇಟ್ಟರೆ ಚರ್ಮವನ್ನು ಸಣ್ಣಗೆ ಹೀರುವುದೂ ತಿಳಿಯುತ್ತದೆ. ಬೋಲ್ಟು ಬಿಚ್ಚಿ ನೋಡಿದರೆ ಪ್ಯಾಕಿಂಗ್ ರಬ್ಬರು ಒಂದು ಕಡೆ ಒಣಗಿ ಸೀಳಿರುತ್ತದೆ. ಹಳೇ ಲಾರಿ ಟ್ಯೂಬು ಕತ್ತರಿಸಿ, ಬೋಲ್ಟಿಗೆ ತೂತು ಹೊಡೆದು ಕೂರಿಸಿ, ಎದುರು-ಬದುರು ಬೋಲ್ಟುಗಳನ್ನು ಸರದಿಯಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಬೇಕು. ಒಂದನ್ನೇ ಪೂರ್ತಿ ಬಿಗಿದರೆ ಫ್ಲಾಂಜು ಒಂದು ಕಡೆ ವಾಲಿ ಇನ್ನೊಂದು ಕಡೆ ಬಾಯಿ ಬಿಡುತ್ತದೆ. ತಿರುಪಿನ ಮರೆ ಇರುವ ಜಾಯಿಂಟುಗಳಿಗೆ ಸೆಣಬಿನ ದಾರ ಸುತ್ತಿ ಸಫೇದ ಬಳಿಯುತ್ತೇನೆ. ಟೆಫ್ಲಾನ್ ಟೇಪು ಬಂದಮೇಲೆ ಆ ಕೆಲಸ ಸುಲಭವಾಗಿದೆ, ಆದರೆ ದಪ್ಪ ಪೈಪಿಗೆ ದಾರ-ಸಫೇದವೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಪೈಪಿನ ತುದಿಯಲ್ಲಿ, ನೀರಿನೊಳಗೆ ಫುಟ್‌ವಾಲ್ವ್. ನೀರನ್ನು ಒಳಗೆ ಬಿಟ್ಟು ವಾಪಸು ಹೋಗದಂತೆ ತಡೆಯುವ ಒಂದು ಮುಚ್ಚಳ, ಅದರ ಕೆಳಗೊಂದು ಜರಡಿ. ಬಕೆಟ್ಟಿನಲ್ಲಿ ನೀರು ಹೊಯ್ದಷ್ಟೂ ಪಂಪು ತುಂಬದೆ ಇಳಿದು ಹೋಗುತ್ತಿದ್ದರೆ ಆ ಮುಚ್ಚಳ ಕೂರುತ್ತಿಲ್ಲ ಎಂದರ್ಥ. ಒಂದು ಕಡ್ಡಿಯೋ ಬಸವನಹುಳುವೋ ಸಿಕ್ಕಿರುತ್ತದೆ. ತುರ್ತಿಗೆ ಹಿರಿಯರು ಸಗಣಿ ಕದಡಿದ ನೀರು ಹೊಯ್ಯುತ್ತಿದ್ದರು. ನಾರು ಹೋಗಿ ಸಂದಿಯಲ್ಲಿ ಕೂತು ನೀರು ನಿಲ್ಲುತ್ತಿತ್ತು, ಅಂದಿನ ಪಾಳಿ ಮುಗಿಯುವವರೆಗೆ ಗದ್ದೆಗೆ ನೀರು ಹಾಯುತ್ತಿತ್ತು. ನಾನೂ ಆ ಉಪಾಯ ಮಾಡಿದ್ದೇನೆ, ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಮಾರನೆಯ ದಿನ ವಾಲ್ವು ಎತ್ತಿ ಉಜ್ಜಲೇಬೇಕು.

ನಂಜನಗೂಡಿನ ಕೆಳಗಿರುವ ನಮಗೆ ಜರಡಿಯಲ್ಲಿ ಪಾಚಿ, ಜೊಂಡಿಗಿಂತ ಹೆಚ್ಚು ಸಿಗುವುದು ಬಟ್ಟೆ. ಶ್ರೀಕಂಠೇಶ್ವರನ ದರ್ಶನಕ್ಕೆ ಬಂದವರು ಕಪಿಲೆಯಲ್ಲಿ ಮಿಂದು, ಉಟ್ಟ ಬಟ್ಟೆಯನ್ನು ಹೊಳೆಗೇ ಬಿಡುತ್ತಾರೆ. ಎಷ್ಟು ತಿಳಿಹೇಳಿದರೂ ಆ ರೂಢಿ ನಿಂತಿಲ್ಲ. ಬಿಟ್ಟವರಿಗೆ ಅದು ಕಳೆಯಿತು, ತೇಲಿ ಬಂದ ಪಂಚೆ ಸೀರೆಗಳು ನಮ್ಮ ಫುಟ್‌ವಾಲ್ವಿಗೆ ಸುತ್ತಿಕೊಳ್ಳುತ್ತವೆ. ಎದೆಮಟ್ಟ ನೀರಿನಲ್ಲಿ ನಿಂತು ಕುಡುಗೋಲಿನಿಂದ ಆ ಸಿಕ್ಕನ್ನು ಕೊಯ್ದು ಬಿಡಿಸುವಾಗ ಹೊಳೆಯ ಬಗ್ಗೆ ಸಂಕಟವಾಗುತ್ತದೆ. ಜರಡಿಗೆ ಈಗ ದೊಡ್ಡ ಬಿದಿರು ಬುಟ್ಟಿಯೊಂದನ್ನು ಹೊರಗಿನಿಂದ ಕಟ್ಟಿದ್ದೇನೆ. ಬಟ್ಟೆ ಬುಟ್ಟಿಗೆ ಅಂಟಿಕೊಂಡರೂ ನೀರಿಗೆ ಸುತ್ತಲೂ ದಾರಿ ಉಳಿಯುತ್ತದೆ.

ಪಂಪಿನ ಶಾಫ್ಟು ಹೊರಬರುವ ಜಾಗದಲ್ಲಿ ಗ್ಲ್ಯಾಂಡು ಇದೆ. ಗ್ರಾಫೈಟ್ ಹಚ್ಚಿದ ದಾರವನ್ನು ಉಂಗುರ ಉಂಗುರವಾಗಿ ಕತ್ತರಿಸಿ ಅಲ್ಲಿ ತುಂಬಿರುತ್ತಾರೆ. ಅಲ್ಲಿಂದ ನೀರು ತೊಟ್ಟಿಕ್ಕುವುದು ಕಂಡರೆ ಹೊಸಬರ ಕೈ ಸ್ಪ್ಯಾನರಿಗೆ ಹೋಗುತ್ತದೆ. ತೊಟ್ಟಿಕ್ಕಲೇಬೇಕು. ಆ ಹನಿಯೇ ದಾರವನ್ನೂ ಶಾಫ್ಟನ್ನೂ ತಣ್ಣಗಿಡುವುದು. ಪೂರ್ತಿ ಬಿಗಿದರೆ ದಾರ ಸುಟ್ಟು ಶಾಫ್ಟಿಗೆ ಗೀರು ಬೀಳುತ್ತದೆ, ಆಮೇಲೆ ಎಷ್ಟು ದಾರ ತುಂಬಿದರೂ ನೀರು ನಿಲ್ಲುವುದಿಲ್ಲ. ಹನಿ ಹನಿಯಾಗಿ ಬೀಳಬೇಕು, ಧಾರೆ ಕಟ್ಟಬಾರದು. ಅಷ್ಟಕ್ಕೆ ನಿಲ್ಲಿಸುವ ಹದ ಕೈಗೇ ಬರಬೇಕು. ಹೊಸ ದಾರದ ಉಂಗುರಗಳ ಕೂಡುಗಳು ಒಂದರ ಮೇಲೊಂದು ಬರದಂತೆ ಸುತ್ತ ಹಂಚಿ ಕೂರಿಸುವುದನ್ನು ನನಗೆ ದೊಡ್ಡಪ್ಪ ಹೇಳಿಕೊಟ್ಟರು. ಅವರು ಹುಡುಗರಾಗಿದ್ದಾಗ ಎತ್ತು ಕಟ್ಟಿ ಕಪಿಲೆ ಹೊಡೆದು ಬಾವಿಯಿಂದ ನೀರೆತ್ತಿದವರು.

ಸದ್ದಿನ ಪಾಠವೂ ಅವರದೇ. ಉದ್ದನೆಯ ಸ್ಕ್ರೂಡ್ರೈವರ್ ತುದಿಯನ್ನು ಬೇರಿಂಗಿನ ಮೇಲಿಟ್ಟು ಹಿಡಿಗೆ ಕಿವಿ ಕೊಟ್ಟರೆ ಒಳಗಿನದೆಲ್ಲ ಕೇಳುತ್ತದೆ. ಬೇರಿಂಗ್ ಒಣಗಿದ್ದರೆ ಕೀರಲು ಸದ್ದು, ಗುಂಡು ಸವೆದಿದ್ದರೆ ಗೊರಗೊರ. ಇವೆರಡೂ ಅಲ್ಲದೆ ಪಂಪಿನ ಹೊಟ್ಟೆಯೊಳಗೆ ಕಡಲೆ ಹುರಿಯುವ ಸದ್ದು ಬಂದರೆ ಅದು ಬೇರೆಯೇ ಕಾಯಿಲೆ. ಸಕ್ಷನ್ನಿನಲ್ಲಿ ಒತ್ತಡ ತೀರಾ ಇಳಿದು, ತಣ್ಣೀರೇ ಕುದ್ದು ಆವಿಯ ಗುಳ್ಳೆಗಳೇಳುತ್ತವೆ. ಒತ್ತಡ ಹೆಚ್ಚಿರುವ ಅಂಚಿಗೆ ಹೋದಾಗ ಅವು ಒಡೆದು ಇಂಪೆಲ್ಲರಿನ ಲೋಹವನ್ನು ಚೂರು ಚೂರೇ ಕಿತ್ತು ಹಾಕುತ್ತವೆ. ಜರಡಿ ಕಟ್ಟಿದ್ದರೂ, ಹೊಳೆ ಇಳಿದಿದ್ದರೂ, ದಪ್ಪ ಪೈಪಿನ ಜಾಗದಲ್ಲಿ ಸಣ್ಣ ಪೈಪು ಹಾಕಿದ್ದರೂ ಹೀಗಾಗುತ್ತದೆ.

ಇನ್ನು ಕರೆಂಟಿನ ಕಡೆಯವು. ಮೋಟರು ‘ಹೂಂ’ ಎನ್ನುತ್ತ ತಿರುಗದಿದ್ದರೆ ತಕ್ಷಣ ಆಫ್ ಮಾಡಬೇಕು. ಮೂರರಲ್ಲಿ ಒಂದು ಫೇಸ್ ಹೋಗಿರುತ್ತದೆ. ಓಡುತ್ತಿರುವಾಗ ಹೋದರೆ ಉಳಿದ ಎರಡರ ಮೇಲೆ ಹೆಚ್ಚುಕಡಿಮೆ 1.7 ಪಟ್ಟು ಕರೆಂಟು ಬಿದ್ದು ವೈಂಡಿಂಗ್ ಸುಡುತ್ತದೆ. ಸ್ಟಾರ್ಟರಿನ ಓವರ್‌ಲೋಡ್ ರಿಲೇಯನ್ನು ಕಡ್ಡಿ ಸಿಕ್ಕಿಸಿ ಕಟ್ಟಿಹಾಕುವವರಿದ್ದಾರೆ, ಅವರ ಮೋಟರು ಬಾಳುವುದಿಲ್ಲ. ಮನೆಯ ಒಂದು ಎಚ್‌ಪಿ ಸಿಂಗಲ್ ಫೇಸ್ ಮೋಟರು ‘ಹೂಂ’ ಎಂದರೆ ಮುಕ್ಕಾಲು ಪಾಲು ಕಂಡೆನ್ಸರ್ ಹೋಗಿರುತ್ತದೆ. ನನಗೆ ಬಹಳ ರುಚಿಸುವುದು ಇನ್ನೊಂದು: ನಿನ್ನೆಯವರೆಗೆ ಚೆನ್ನಾಗಿದ್ದ ಪಂಪು ಇಂದು ಸೊರಗಿದ ನೀರು ಕೊಡುತ್ತದೆ, ಗಾಳಿಯೂ ಇಲ್ಲ, ಜರಡಿಯೂ ಸ್ವಚ್ಛ. ‘ಟಿ.ಸಿ. ರಿಪೇರಿ ಆಯ್ತಾ?’ ಎಂದು ಟ್ರಾನ್ಸ್‌ಫಾರ್ಮರಿನ ಬಗ್ಗೆ ಕೇಳಬೇಕು. ಆಗಿದ್ದರೆ ಅಲ್ಲಿ ಫೇಸು ಅದಲುಬದಲಾಗಿ ಮೋಟರು ಹಿಂದುಮುಂದಾಗಿ ತಿರುಗುತ್ತಿದೆ. ಈ ಜಾತಿಯ ಪಂಪು ಹಿಮ್ಮುಖವಾಗಿ ತಿರುಗಿದರೂ ಒಂದಿಷ್ಟು ನೀರು ಕೊಡುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಸ್ಟಾರ್ಟರಿನಲ್ಲಿ ಯಾವುದಾದರೂ ಎರಡು ವಯರು ಅದಲುಬದಲು ಮಾಡಿದರೆ ನೀರು ಮೊದಲಿನಂತೆ. ಇಂಥದ್ದಕ್ಕೆ ಕೈಯಿಡುವ ಮುನ್ನ ಮೇನ್ ಆಫ್ ಮಾಡಿ, ಮೂರೂ ಫ್ಯೂಸುಗಳನ್ನು ಕಿತ್ತು ನನ್ನ ಜೇಬಿಗೇ ಹಾಕಿಕೊಳ್ಳುತ್ತೇನೆ. ಆಟೋ ಸ್ಟಾರ್ಟರ್ ಹಾಕಿರುವ ತೋಟಗಳಲ್ಲಿ ಕರೆಂಟು ಬಂದ ಕ್ಷಣ ಮೋಟರು ತಾನೇ ಶುರುವಾಗುತ್ತದೆ, ನಮ್ಮ ಕೈ ಎಲ್ಲಿದೆ ಎಂದು ಅದು ನೋಡುವುದಿಲ್ಲ.

2019ರ ಆಗಸ್ಟಿನಲ್ಲಿ ಕಬಿನಿಯಿಂದ ಲಕ್ಷ ಕ್ಯೂಸೆಕ್ ಮೀರಿ ನೀರು ಬಿಟ್ಟಾಗ ನಂಜನಗೂಡಿನ ಹದಿನಾರು ಕಾಲು ಮಂಟಪ ಮುಳುಗಿ, ಮೈಸೂರಿನ ರಸ್ತೆ ಮುಚ್ಚಿತ್ತು. ದಂಡೆಯ ಮೋಟರುಗಳನ್ನು ಎತ್ತಿ ತರಲು ಎಲ್ಲರಿಗೂ ಆಗಲಿಲ್ಲ. ಮುಳುಗಿದ ಮೋಟರು ಸತ್ತಿತೆಂದು ಎಷ್ಟೋ ಮಂದಿ ಗುಜರಿಗೆ ಹಾಕಲು ಹೊರಟಿದ್ದರು. ಕರೆಂಟು ಕೊಡದಿದ್ದರೆ ಅದು ಬದುಕುತ್ತದೆ. ಬಿಚ್ಚಿ, ಕೆಸರನ್ನು ತಿಳಿನೀರಿನಲ್ಲಿ ತೊಳೆದು, ಬೇರಿಂಗಿನ ಹಳೇ ಗ್ರೀಸು ತೆಗೆದು, ದಿನಗಟ್ಟಲೆ ಬಿಸಿಲಿಗಿಡಬೇಕು. ಮೋಡವಿದ್ದರೆ ಒಳಗೆ ನೂರು ವ್ಯಾಟಿನ ಹಳೇ ಬಲ್ಬು ಉರಿಸಿ ಮೇಲೆ ಗೋಣಿ ಹೊದಿಸಬೇಕು. ಮೆಗ್ಗರ್ ಹಚ್ಚಿದಾಗ ಮುಳ್ಳು ಒಂದು ಮೆಗಾಓಮ್ ದಾಟಿ ಮೇಲೆ ನಿಲ್ಲುವವರೆಗೆ ಆತುರ ಪಡಬಾರದು. ಹಾಗೆ ಕಾದು ಒಣಗಿಸಿದ ಮೋಟರುಗಳು ಇಂದಿಗೂ ನಮ್ಮ ದಂಡೆಯಲ್ಲಿ ಓಡುತ್ತಿವೆ.

ಮೈಸೂರಿನಲ್ಲಿರುವ ತಂಗಿಯ ಮಗ ಮನೆಯ ಹಿತ್ತಲಲ್ಲಿ ಸಣ್ಣ ಈಜುಕೊಳ ಕಟ್ಟಿಸಿದ್ದಾನೆ. ‘ಮಾವ, ಪಂಪ್ ಬರೀ ಗುಳ್ಳೆ ಬಿಡ್ತಿದೆ’ ಎಂದು ಕರೆದ. ಹೋಗಿ ನೋಡಿದರೆ ಎಲ್ಲ ಪರಿಚಯದ್ದೇ! ಪಂಪಿನ ಮುಂದೆ ಎಲೆ ಕಸ ಹಿಡಿಯುವ ಬುಟ್ಟಿ, ಅದರ ಮೇಲೆ ಗಾಜಿನಂಥ ಮುಚ್ಚಳ, ಒಳಗೆ ಗುಳ್ಳೆಗಳ ಕುಣಿತ. ಮುಚ್ಚಳದ ಓ-ರಿಂಗ್ ಒಣಗಿ ಸಪಾಟಾಗಿತ್ತು. ಒರೆಸಿ, ಸಿಲಿಕಾನ್ ಗ್ರೀಸು ಸವರಿ ಕೂರಿಸಿದೆವು. ಗುಳ್ಳೆ ನಿಂತಿತು. ಪಕ್ಕದಲ್ಲಿ ಮರಳಿನ ಫಿಲ್ಟರು. ನಮ್ಮ ಬಾಳೆತೋಟದ ಡ್ರಿಪ್ಪಿಗೆ ಇರುವುದೂ ಇದೇ. ಸ್ವಚ್ಛವಿದ್ದಾಗ ಗೇಜಿನ ಮುಳ್ಳು ಎಲ್ಲಿರುತ್ತದೆ ಎಂದು ಪೆನ್ನಿನಲ್ಲಿ ಗುರುತು ಹಾಕಿಕೊಂಡು, ಅದರಿಂದ ಅರ್ಧ ಕೆಜಿ ಮೇಲೇರಿದಾಗ ನೀರನ್ನು ಹಿಮ್ಮುಖ ಹರಿಸಿ ಮರಳು ತೊಳೆಯಬೇಕು. ಮುಳ್ಳು ಏರುವ ಮೊದಲೇ ಪದೇ ಪದೇ ತೊಳೆಯುವುದೂ ತಪ್ಪು, ತುಸು ಕಸ ಹಿಡಿದ ಮರಳೇ ಸಣ್ಣ ಕಸವನ್ನು ಚೆನ್ನಾಗಿ ತಡೆಯುವುದು. ಅವನಿಗೆ ಊದುಬತ್ತಿಯ ಪರೀಕ್ಷೆಯನ್ನೂ ಕಲಿಸಿ ಬಂದೆ.

ನಮ್ಮ ಮಕ್ಕಳ ಈಜುಕೊಳ ಪಂಪಿನ ಮುಂದಿನ ತೊಟ್ಟಿ. ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು, ಪೈಪಿನ ದಪ್ಪ ಧಾರೆಗೆ ತಲೆಯೊಡ್ಡಿ ಕಲಿತವರು ಆಮೇಲೆ ಹೊಳೆಗಿಳಿಯುತ್ತಾರೆ. ಪಂಪು ಸರಿಯಾಯಿತೆಂದು ಮೊದಲು ಊರಿಗೆ ಗೊತ್ತಾಗುವುದು ಅವರ ಕೇಕೆಯಿಂದ.

ಈಗ ಅನೇಕರು ನೀರಿನೊಳಗೇ ಮುಳುಗಿಸಿಡುವ ಮೋಟರಿಗೆ ಹೋಗುತ್ತಿದ್ದಾರೆ. ಅದಕ್ಕೆ ಸಕ್ಷನ್ನಿನ ಗೋಳಿಲ್ಲ, ಏರ್ ಹಿಡಿಯುವುದಿಲ್ಲ, ನಿಜ. ಆದರೆ ಕೆಟ್ಟಾಗ ಕಿವಿಗೆ ಸಿಗುವುದಿಲ್ಲ, ಮೇಲೆತ್ತದೆ ಏನೂ ತಿಳಿಯುವುದಿಲ್ಲ. ಅದಕ್ಕೇ ನಾನು ದಂಡೆಯ ಮೋಟರನ್ನು ಬಿಟ್ಟಿಲ್ಲ. ಈ ವರ್ಷ ಗ್ಲ್ಯಾಂಡ್ ದಾರ ಬದಲಾಯಿಸಿ ಆಗಿದೆ, ಬೇರಿಂಗಿಗೆ ಹೊಸ ಗ್ರೀಸು ತುಂಬಿದ್ದೇನೆ. ಫುಟ್‌ವಾಲ್ವಿನ ರಬ್ಬರ್ ಗಟ್ಟಿಯಾಗಿದೆ. ಹೊಸ ವಾಷರ್ ಕತ್ತರಿಸಿಟ್ಟಿದ್ದೇನೆ, ಕಬಿನಿ ತುಂಬುವುದರೊಳಗೆ ಹೊಳೆಗಿಳಿದು ಅದನ್ನೊಂದು ಕೂರಿಸಬೇಕು.