ಗಿರಾಕಿಯ ಗೊಣಗು

ಮಗ್ಗಗಳ ಗದ್ದಲದ ನಡುವೆ ಕುಳಿತು, ನಾನೇ ರಚಿಸಿದ ತಂತ್ರಾಂಶದ ದೋಷಗಳನ್ನು ಅನ್ಯರ ಬಾಯಿಂದ ಕೇಳುವುದು ನನಗೆ ಪರಮಪ್ರಿಯವಾದ ವಿನೋದವೆಂದರೆ ಸಹೃದಯರು ನಕ್ಕಾರು. 2017ರ ಜುಲೈಯಲ್ಲಿ ಜಿಎಸ್‌ಟಿ ಜಾರಿಗೆ ಬಂದು, ರಬಕವಿ-ಬನಹಟ್ಟಿಯ ಸೀರೆ ಸಾವಕಾರರ ಕೆಂಪು ರಟ್ಟಿನ ಕಿರ್ದಿಗಳು ಒಮ್ಮೆಲೇ ವೃದ್ಧಾಪ್ಯಕ್ಕೆ ಸಂದ ಕಾಲದಲ್ಲಿ, ನೂಲಿನ ಜಮೆ, ನೇಕಾರರ ಮಜೂರಿ, ಮುಂಗಡದ ಬಾಕಿ ಇವುಗಳ ಲೆಕ್ಕವಿಡುವ ಪುಟ್ಟದೊಂದು ತಂತ್ರಾಂಶವನ್ನು ಜಮಖಂಡಿಯ ಮನೆಯಲ್ಲಿ ಕುಳಿತು ಬರೆದೆನು.

ತಪ್ಪಿದ ಬರಹವನ್ನು ಒಂದೇ ಒತ್ತಿಗೆ ಅಳಿಸುವ ಗುಂಡಿಯ ವಿಷಯದಲ್ಲಿ ನನಗೆ ವಿಶೇಷ ಗರ್ವವಿದ್ದಿತು. ಬನಹಟ್ಟಿಯ ವೃದ್ಧ ಸಾವಕಾರರೊಬ್ಬರು ಮೊದಲು ಆಕ್ಷೇಪಿಸಿದುದು ಅದನ್ನೇ: "ಅದನ್ನ ತಗದ್ಬಿಡ್ರಿ ಸರ. ಕಿರ್ದ್ಯಾಗ ನಾವು ಅಳಸಂಗಿಲ್ಲ, ಗೆರಿ ಹೊಡೀತೀವಿ. ಗೆರಿ ಕಂಡ್ರ ನೇಕಾರಗೂ ನಂಬಿಗಿ." ಆ ರಾತ್ರಿಯೇ ಗುಂಡಿ ಹೋಗಿ ಗೆರೆ ಬಂದಿತು.

ಕಾಡಸಿದ್ಧೇಶ್ವರನು ನೆಲೆಸಿದ ಊರಿನಲ್ಲಿ ಕಾಡಪ್ಪಂದಿರಿಗೇನು ಬರ? ಒಬ್ಬನ ಮಜೂರಿ ಮತ್ತೊಬ್ಬನ ಖಾತೆಗೆ ಬೀಳಲು, ಪ್ರತಿಯೊಬ್ಬನ ಭಾವಚಿತ್ರವೂ ಪರದೆಯ ಮೇಲೆ ಬರಬೇಕೆಂದು ಅದೇ ಸಾವಕಾರರು ಹಟ ಹಿಡಿದರು. ಎದುರಾಡದೆ ಎರಡು ಪಗಾರದ ದಿನ ಅವರ ಗಲ್ಲೆಯ ಬದಿಯಲ್ಲಿ ಕುಳಿತು ನೋಡಿದೆನು. ತಲೆಯೆತ್ತದೆ, "ಬಾವಿಕಟ್ಟಿ ಕಾಡಪ್ಪ", "ಉದ್ದನ್ನ ಕಾಡಪ್ಪ" ಎಂದು ಕೂಗುತ್ತ ಹಣ ಎಣಿಸುತ್ತಿದ್ದರು. ಅಡ್ಡಹೆಸರಿಗೊಂದು ಚೌಕವನ್ನು ತೆರೆದೊಡನೆ ಭಾವಚಿತ್ರದ ಮಾತು ತಾನಾಗಿ ಅಡಗಿತು.

2001ರಲ್ಲಿ ಅಮೆರಿಕದ ಯೂಟಾ ಪ್ರಾಂತದ ಗಿರಿಧಾಮವೊಂದರಲ್ಲಿ 17 ಮಂದಿ ತಂತ್ರಾಂಶ ಪ್ರವೀಣರು ಕಲೆತು, ಕರಾರಿನ ಚೌಕಾಸಿಗಿಂತ ಗಿರಾಕಿಯೊಡನೆ ಕೂಡಿ ದುಡಿಯುವುದೇ ಮೇಲೆಂದು ಸಾರಿದರಷ್ಟೆ. ಪೇಟೆಯಿಂದ ಮರಳಿದ ಸೀರೆಯನ್ನು ನೋಡಿ ಮುಂದಿನ ಹಾಸಿನಲ್ಲಿ ಅಂಚನ್ನು ಬದಲಿಸುವ ನಮ್ಮವರಿಗೆ ಅದರಲ್ಲಿ ನವೀನವಾದುದೇನೂ ತೋರದು.

ಮುಂದೆ ಅದೇ ತಂತ್ರಾಂಶವನ್ನು ಬೇರೆ ವ್ಯಾಪಾರಗಳಿಗೂ ಹೊಂದಿಸಿ ಕೊಟ್ಟಾಗ, ಮುಧೋಳದ ಬೆಲ್ಲದ ವ್ಯಾಪಾರಿ ಪೆಂಟಿಯ ಎಣಿಕೆಯೂ ಬೇಕು, ತೂಕವೂ ಬೇಕೆಂದು ದಿನಕ್ಕೆರಡು ಸಲ ಫೋನಿನಲ್ಲಿ ಗದರಿದರು. ಅವರಿಂದ ನನಗೆ ಭಯವಿರಲಿಲ್ಲ. ಬೀಳಗಿಯ ಗೊಬ್ಬರದಂಗಡಿಯವರು ಮಾತ್ರ ಆರು ತಿಂಗಳಾದರೂ ಒಂದು ದೂರನ್ನೂ ಹೇಳಲಿಲ್ಲ. ಹಿಗ್ಗುತ್ತಲೇ ಹೋಗಿ ನೋಡಿದರೆ ಗಣಕಯಂತ್ರಕ್ಕೆ ಗೋಣಿತಟ್ಟು ಹೊದಿಸಿದ್ದರು! ಅವರು ಕಲಿತುದು ಕೆ.ಪಿ. ರಾವ್ ಅವರ ವಿನ್ಯಾಸವನ್ನನುಸರಿಸಿದ 'ನುಡಿ'ಯ ಕೀಲಿಮಣೆ. ನನ್ನ ತಂತ್ರಾಂಶವೋ ಬೇರೊಂದನ್ನು ಮಾತ್ರ ಬಲ್ಲದು. "ಹೇಳಿದ್ರ ನಿಮಗ ಬ್ಯಾಸರ ಆದೀತಂತ ಸುಮ್ಮನಿದ್ದೆರಿ" ಎಂದರು. ಆ ಸಂಜೆ ಜಮಖಂಡಿಯ ಬಸ್ಸನ್ನು ಬಿಟ್ಟುಕೊಟ್ಟು, ಎರಡನೆಯ ಚಹದ ನಂತರ ಅವರು ಸಂಕೋಚದಿಂದ ಒಂದೊಂದಾಗಿ ಹೇಳಿದ 14 ದೂರುಗಳನ್ನು ಗೊಬ್ಬರದ ರಸೀದಿಯ ಹಿಂಬದಿಯಲ್ಲಿ ಬರೆದುಕೊಂಡೆನು.